ಕಾಲುಭಾಗದ ನೇಮ

ಶ್ರಾವಣ ಮಾಸ ಮುಗಿದ ವಾರದಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಅಜೀರ್ಣ, ತಲೆನೋವು, ಮಲಬದ್ಧತೆಯೆಂದು ಬರುವವರ ಸಂಖ್ಯೆ ಹೆಚ್ಚುತ್ತದೆ. ವಿಚಾರಿಸಿದರೆ ಕಾರಣ ಬಹುಪಾಲು ಒಂದೇ. ತಿಂಗಳಿಡೀ ಚಹಾ ಬಿಟ್ಟವರು, ಒಪ್ಪೊತ್ತು ಉಂಡವರು, ಕರಿದ ಪದಾರ್ಥಗಳನ್ನು ಮುಟ್ಟದವರು ನೇಮ ಮುಗಿದ ಮರುದಿನವೇ ಹಳೆಯ ರೂಢಿಗೆ ಮರಳಿರುತ್ತಾರೆ. ಅವರ ಭಕ್ತಿಯಲ್ಲಿ ಕೊರತೆಯಿಲ್ಲ. ಆದರೆ ಬದಲಾವಣೆಯೆಂಬುದು ವರ್ಷಕ್ಕೊಮ್ಮೆ ಆಚರಿಸಿ ಮುಗಿಸುವಂಥದಲ್ಲ, ನಿತ್ಯದ ಅಭ್ಯಾಸವಾಗಬೇಕಾದದ್ದು ಎಂಬುದು ನಮ್ಮ ಅಭಿಪ್ರಾಯ.

ನಾವು ಒಪ್ಪಲಿ, ಬಿಡಲಿ, ಶರೀರವು ಬದಲಾಗುತ್ತಲೇ ಇರುತ್ತದೆ. ಬಾಲ್ಯದಲ್ಲಿ ಕಫ, ಮಧ್ಯವಯಸ್ಸಿನಲ್ಲಿ ಪಿತ್ತ, ವೃದ್ಧಾಪ್ಯದಲ್ಲಿ ವಾತ ಪ್ರಬಲವೆಂದು ಆಯುರ್ವೇದ ಹೇಳುತ್ತದೆ. ಹೇಮಂತದಲ್ಲಿ ಬಲವಾಗಿರುವ ಜಠರಾಗ್ನಿ ಮಳೆಗಾಲದಲ್ಲಿ ಮಂದವಾಗುತ್ತದೆ. ಹೀಗಿರುವಾಗ ಮೂವತ್ತರಲ್ಲಿ ಉಂಡಷ್ಟನ್ನೇ ಅರವತ್ತರಲ್ಲಿಯೂ ಉಣ್ಣುತ್ತೇನೆಂಬುದು ಹೆಮ್ಮೆಯ ಮಾತಲ್ಲ.

ಈ ವಿಷಯದಲ್ಲಿ ನಮ್ಮದೇ ತಪ್ಪನ್ನು ಮೊದಲು ಒಪ್ಪಿಕೊಳ್ಳಬೇಕು. ನಾವು ವೃತ್ತಿ ಆರಂಭಿಸಿದ ಕಾಲದಲ್ಲಿ ರೋಗಿಗಳು ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದರು. ರೊಟ್ಟಿ, ಬೆಲ್ಲ, ತುಪ್ಪವನ್ನು ಯಥೇಚ್ಛವಾಗಿ ಉಣ್ಣಿರೆಂದು ನಾವು ಹೇಳುತ್ತಿದ್ದೆವು. ಮುಂದೆ ಹೊಲಕ್ಕೆ ಟ್ರ್ಯಾಕ್ಟರ್ ಬಂದಿತು, ಮನೆಯ ಮುಂದೆ ಬೈಕ್ ನಿಂತಿತು. ನಮ್ಮ ಸಲಹೆ ಮಾತ್ರ ಹಾಗೆಯೇ ಉಳಿಯಿತು. ನಾಡಿ ಹಿಡಿದರೆ ಸಾಕು, ರಕ್ತಪರೀಕ್ಷೆ ಏಕೆಂಬ ಹಟವೂ ನಮ್ಮಲ್ಲಿತ್ತು. ಹಲವು ವರ್ಷಗಳಿಂದ ಬರುತ್ತಿದ್ದ ರೋಗಿಯೊಬ್ಬರು ಒಮ್ಮೆ ಕಾಲಿನ ಹುಣ್ಣಿನೊಂದಿಗೆ ಬಂದರು. ಮಧುಮೇಹ ಆಗಲೇ ಬಲಿತಿತ್ತು. ಶಸ್ತ್ರವೈದ್ಯರು ಅವರ ಒಂದು ಬೆರಳನ್ನು ತೆಗೆಯಬೇಕಾಯಿತು. ಆ ಹಿರಿಯರು ನಮ್ಮನ್ನು ದೂರಲಿಲ್ಲ. ಆದರೆ ನಮ್ಮ ಮನಸ್ಸು ನಮ್ಮನ್ನು ಬಿಡಲಿಲ್ಲ. ಅಂದಿನಿಂದ ಮೂರು ತಿಂಗಳ ಸರಾಸರಿ ಸಕ್ಕರೆಯ ವರದಿಯನ್ನು ಕೇಳಲು, ಅಗತ್ಯವಿದ್ದಾಗ ಅಲೋಪಥಿ ವೈದ್ಯರಿಗೆ ಪತ್ರ ಬರೆದು ಕಳುಹಿಸಲು ಕಲಿತೆವು. ಕಾಲಕಾಲಕ್ಕೆ ಕಲಿಯಬೇಕಾದದ್ದನ್ನು ಕಲಿತಿದ್ದರೆ ಆ ಪೆಟ್ಟು ಬೇಕಾಗುತ್ತಿರಲಿಲ್ಲ.

ಹಾಗಾದರೆ ಬದಲಾಗುವುದು ಹೇಗೆ? ಚರಕಾಚಾರ್ಯರು ಸೂತ್ರಸ್ಥಾನದಲ್ಲಿ ಇದಕ್ಕೆ ಪಾದಾಂಶಿಕ ಕ್ರಮವನ್ನು ವಿಧಿಸಿದ್ದಾರೆ. ಅಹಿತವಾದ ರೂಢಿಯಲ್ಲಿ ಕಾಲುಭಾಗವನ್ನು ಬಿಟ್ಟು, ಆ ಜಾಗದಲ್ಲಿ ಹಿತವಾದುದನ್ನು ಕಾಲುಭಾಗ ಸೇರಿಸುವುದು. ಅದು ಒಗ್ಗಿದ ಬಳಿಕ, ನಡುವೆ ದಿನಗಳ ಅಂತರವಿಟ್ಟು, ಅರ್ಧ, ಮುಕ್ಕಾಲು, ಕೊನೆಗೆ ಪೂರ್ಣ. ಹೀಗೆ ಕ್ರಮವಾಗಿ ಕಳೆದ ದೋಷ ಮರಳುವುದಿಲ್ಲ, ಕ್ರಮವಾಗಿ ಗಳಿಸಿದ ಗುಣ ಕದಲುವುದಿಲ್ಲ ಎಂಬುದು ಅವರ ಅಭಿಪ್ರಾಯ. ವಾಗ್ಭಟಾಚಾರ್ಯರೂ ಹಠಾತ್ತನೆ ಬಿಡುವುದು, ಹಠಾತ್ತನೆ ಹಿಡಿಯುವುದು ಎರಡೂ ರೋಗಕಾರಕವೆಂದು ಎಚ್ಚರಿಸಿದ್ದಾರೆ.

ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಳ್ಳುವವರು ಮೊದಲು ಒಂದೂವರೆ ಚಮಚಕ್ಕೆ ಇಳಿಯಲಿ. ತಟ್ಟೆಯ ಅನ್ನದಲ್ಲಿ ಕಾಲುಭಾಗ ಕಡಿಮೆ ಮಾಡಿ, ಅಷ್ಟು ಜಾಗದಲ್ಲಿ ಪಲ್ಯವನ್ನೋ ಕೋಸಂಬರಿಯನ್ನೋ ಬಡಿಸಿಕೊಳ್ಳಲಿ. ತಡವಾಗಿ ಮಲಗುವವರು ಕಾಲು ಗಂಟೆ ಮುಂಚೆ ದೀಪ ಆರಿಸಲಿ. ಕಾಯಕಕ್ಕೂ ಇದೇ ಕ್ರಮ ಸಲ್ಲುತ್ತದೆ. ಅಂಗಡಿಯವರಾಗಲಿ, ಶಿಕ್ಷಕರಾಗಲಿ, ಒಕ್ಕಲಿಗರಾಗಲಿ, ತಮ್ಮ ಕೆಲಸದಲ್ಲಿ ತಿಳಿಯದ ಒಂದು ಹೊಸ ವಿಷಯಕ್ಕೆ ದಿನವೂ ಕಾಲು ಗಂಟೆ ಮೀಸಲಿಟ್ಟರೆ ವರ್ಷದಲ್ಲಿ 90 ಗಂಟೆಗೂ ಮಿಗಿಲಾಗುತ್ತದೆ. ಆದರೆ ಒಂದು ಎಚ್ಚರಿಕೆ: ಮಧುಮೇಹ, ರಕ್ತದೊತ್ತಡಗಳ ಮಾತ್ರೆಗಳಿಗೆ ಈ ಕ್ರಮವನ್ನು ಯಾರೂ ತಾವಾಗಿ ಅನ್ವಯಿಸಬಾರದು. ಅವುಗಳ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಜಂಗಮವೆಂದರೆ ಚಲಿಸುವುದು. ಜಂಗಮಕ್ಕೆ ತಲೆಬಾಗುವ ಪರಂಪರೆಯವರಾದ ನಾವು ನಮ್ಮ ನಡೆಯಲ್ಲಿ ಸ್ಥಾವರವಾಗಿ ನಿಲ್ಲುವುದು ಯುಕ್ತವೇ? ಭಾದ್ರಪದದ ಕೊನೆಯ 7 ದಿನಗಳು, ಆಶ್ವಯುಜದ ಮೊದಲ 7 ದಿನಗಳು ವರ್ಷಾ ಮತ್ತು ಶರದೃತುಗಳ ಸಂಧಿಕಾಲ. ಹಳೆಯ ಋತುವಿನ ಆಹಾರ ವಿಹಾರಗಳನ್ನು ಮೆಲ್ಲನೆ ಬಿಟ್ಟು ಹೊಸದನ್ನು ಮೆಲ್ಲನೆ ಹಿಡಿಯಲು ಶಾಸ್ತ್ರವೇ ಗೊತ್ತುಪಡಿಸಿದ ದಿನಗಳಿವು. ಭಕ್ತರು ಈ ಹದಿನಾಲ್ಕು ದಿನಗಳಲ್ಲಿ ಒಂದೇ ಒಂದು ರೂಢಿಯನ್ನು ಆರಿಸಿ, ಅದರ ಕಾಲುಭಾಗವನ್ನು ಬದಲಿಸಲಿ. ಅಷ್ಟು ಸಾಧ್ಯವಾದರೆ ಮುಂದಿನ ಕಾಲುಭಾಗ ಕಷ್ಟವಾಗಲಾರದು.