ಕೊಪ್ಪಳದ ಮೆಡಿಕಲ್ ಸೀಟು ಯಾರ ಮಕ್ಕಳಿಗೆ?

ಕೊಪ್ಪಳಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು 2015ರಲ್ಲಿ, 150 ಸೀಟಿನೊಂದಿಗೆ. ಯಲಬುರ್ಗಾ, ಕುಷ್ಟಗಿ ಹಳ್ಳಿಗಳ ಮಕ್ಕಳು ಇನ್ನು ಇಲ್ಲೇ ಓದಿ ಡಾಕ್ಟರ್ ಆಗ್ತಾರ ಅಂತ ಅಂದುಕೊಂಡಿದ್ದೆವು. ಕಾಲೇಜೇನೋ ಬಂತು, ಬಾಗಿಲ ಕೀಲಿ ನೀಟ್ ಕೈಗೆ ಹೋಯಿತು.

ನೀಟ್ ಅಂದರೆ 720 ಅಂಕದ ಒಂದು ಮಧ್ಯಾಹ್ನದ ಪರೀಕ್ಷೆ. ಪಿಯುಸಿಯಲ್ಲಿ ಎಷ್ಟೇ ಚೆನ್ನಾಗಿ ಓದಿರಲಿ, ಆ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಎಷ್ಟು ಸಲ ಬೇಕಾದರೂ ಬರೆಯಬಹುದು. ದುಡ್ಡಿದ್ದವರ ಮಗ ಒಮ್ಮೆ ತಪ್ಪಿದರೆ ಒಂದು ವರ್ಷ ಕೋಚಿಂಗಿಗೆ ಸೇರುತ್ತಾನೆ. ಕೂಲಿಯವರ ಮಗಳು ತಪ್ಪಿದರೆ ಮನೆಯಲ್ಲಿ ಮದುವೆ ಮಾತು ಶುರುವಾಗುತ್ತದೆ.

"ನಮಗೆ 371ಜೆ ಇದೆಯಲ್ಲ?" ಅನ್ನಬಹುದು. ಇದೆ, ಹೋರಾಡಿ ಪಡೆದ ಹಕ್ಕು ಅದು. ಆದರೆ ಆ ಪ್ರಮಾಣಪತ್ರ ನೀವು ಯಾವ ಊರಿನವರು ಅಂತ ನೋಡುತ್ತದೆ, ಪಿಯುಸಿ ಎಲ್ಲಿ ಓದಿದಿರಿ ಅಂತ ನೋಡುವುದಿಲ್ಲ. ಗಂಗಾವತಿಯ ಶ್ರೀಮಂತರ ಮಗ ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಲಕ್ಷಗಟ್ಟಲೆ ಖರ್ಚಿನಲ್ಲಿ ಓದಿ ಬಂದರೂ ಅವನು 'ಸ್ಥಳೀಯ'. ಯಲಬುರ್ಗಾದ ಸರ್ಕಾರಿ ಪಿಯು ಕಾಲೇಜಿನ ಹುಡುಗಿಯೂ 'ಸ್ಥಳೀಯ'. ಇಬ್ಬರೂ ಒಂದೇ ಸೀಟಿಗೆ ಸ್ಪರ್ಧಿಸಬೇಕು. ಗ್ರಾಮೀಣ ಕೋಟಾ ನೋಡುವುದೂ 1ರಿಂದ 10ನೇ ತರಗತಿಯವರೆಗೆ ಮಾತ್ರ. ಕೋಚಿಂಗ್ ಕೊಳ್ಳುವುದು ಅದರ ನಂತರ.

ಹಾಗಂತ ಪರೀಕ್ಷೆಯೇ ಬೇಡ ಅನ್ನುತ್ತಿಲ್ಲ. ಡೊನೇಷನ್ ಕೊಟ್ಟವರಿಗೆ ಸೀಟು ಅನ್ನುವ ದಂಧೆ ತಡೆಯಲು 1984ರಲ್ಲಿ ನಮ್ಮ ರಾಜ್ಯ ಕಾನೂನೇ ಮಾಡಬೇಕಾಯಿತು. ಪರೀಕ್ಷೆ ತೆಗೆದರೆ ದಲ್ಲಾಳಿ ಮತ್ತೆ ಬಾಗಿಲಿಗೆ ಬರುತ್ತಾನೆ.

2024ರ ಜುಲೈನಲ್ಲಿ ವಿಧಾನಮಂಡಲ ನೀಟ್ ಬೇಡ ಅಂತ ನಿರ್ಣಯ ಮಾಡಿತು. ನೀಟ್ ಬದಲು ಸಿಇಟಿಯಂತೆ! ಅದೇ ವರ್ಷ ಏಪ್ರಿಲ್‌ನಲ್ಲಿ ಸಿಇಟಿಯಲ್ಲೇ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು, 50 ಪ್ರಶ್ನೆ ಕೈಬಿಡಬೇಕಾಯಿತು. ಬೋರ್ಡ್ ಬದಲಿಸಿದರೆ ಅಂಗಡಿ ಬದಲಾಗುತ್ತದೆಯೇ?

ತಮಿಳುನಾಡು ನೋಡ್ರಿ. ನೀಟ್ ವಿರುದ್ಧ ಎಲ್ಲರಿಗಿಂತ ಜೋರಾಗಿ ಕೂಗಿದ್ದು ಅವರೇ. ಆದರೆ ಕೂಗಿ ಸುಮ್ಮನಾಗಲಿಲ್ಲ. ನೀಟ್ ಇರುವಾಗಲೇ, 2020ರಲ್ಲಿ, 6ರಿಂದ 12ನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ರಾಜ್ಯದ ಮೆಡಿಕಲ್ ಸೀಟುಗಳಲ್ಲಿ 7.5% ಮೀಸಲಿಡುವ ಕಾನೂನು ತಂದರು. ಮದ್ರಾಸ್ ಹೈಕೋರ್ಟ್ 2022ರಲ್ಲಿ ಅದನ್ನು ಎತ್ತಿಹಿಡಿಯಿತು.

ನೀಟ್ ತೆಗೆಯಲು ದಿಲ್ಲಿ ಒಪ್ಪಬೇಕು, ಸರಿ. ಸರ್ಕಾರಿ ಶಾಲೆ ಮಕ್ಕಳಿಗೆ ಒಳಮೀಸಲಾತಿ ಕೊಡಲು ಬೆಂಗಳೂರು ಮನಸ್ಸು ಮಾಡಿದರೆ ಸಾಕು. ತಮ್ಮ ಕೈಯಲ್ಲಿ ಇಲ್ಲದ್ದಕ್ಕೆ ನಿರ್ಣಯ ಮಾಡಿ, ಕೈಯಲ್ಲಿ ಇರುವುದನ್ನು ಮಾಡದೆ ಕೂತರೆ ಅದಕ್ಕೆ ಹೋರಾಟ ಅನ್ನಬೇಕೋ, ನಾಟಕ ಅನ್ನಬೇಕೋ?

ಮುಂದಿನ ಸಲ ನಿಮ್ಮ ಶಾಸಕರು ಊರಿಗೆ ಬಂದಾಗ ರಸ್ತೆ, ಚರಂಡಿ ಜೊತೆಗೆ ಇದನ್ನೂ ಕೇಳ್ರಿ: 371ಜೆ ಸೀಟುಗಳಲ್ಲಿ ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನ ಮಕ್ಕಳಿಗೆ ಎಷ್ಟು ಪಾಲು? ಯಾವಾಗ ಕೊಡ್ತೀರಿ?