ಕರಮುಕ್ತ ಹಣಕ್ಕೂ ಲೆಕ್ಕ ಬೇಕು

ಜುಲೈ ಬಂತೆಂದರೆ ಬೈಲಹೊಂಗಲ ತಾಲ್ಲೂಕಿನ ದೊಡವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ನಿವೃತ್ತರ ಕಡತಗಳು ಬಿಚ್ಚಿಕೊಳ್ಳುತ್ತವೆ. ಅರ್ಥಶಾಸ್ತ್ರ ಓದಿ ಸರ್ಕಾರಿ ಸೇವೆಯಲ್ಲಿದ್ದವನೆಂಬ ಕಾರಣಕ್ಕೆ ಊರವರು ನನ್ನನ್ನು ತೆರಿಗೆ ಪಂಡಿತನೆಂದೇ ಭಾವಿಸಿದ್ದಾರೆ. ನಿವೃತ್ತನಾದ ವರ್ಷ ನಾನೇ ತಪ್ಪು ರಿಟರ್ನ್ ಸಲ್ಲಿಸಿದ್ದೆನೆಂಬ ಸಂಗತಿ ಅವರಿಗೆ ತಿಳಿಯದು. ಆಗ ನನಗೆ ಎರಡು ಫಾರಂ 16 ಬಂದಿದ್ದವು. ಸಂಬಳಕ್ಕೆ ಕಚೇರಿಯಿಂದ ಒಂದು, ಪಿಂಚಣಿಗೆ ಬ್ಯಾಂಕಿನಿಂದ ಇನ್ನೊಂದು. ಎರಡರಲ್ಲಿಯೂ ಪ್ರಮಾಣಿತ ಕಡಿತವನ್ನು ಕಳೆಯಲಾಗಿತ್ತು. ಅದು ವರ್ಷಕ್ಕೆ ಒಮ್ಮೆ ಮಾತ್ರ ದೊರೆಯತಕ್ಕದ್ದು. ನಾನು ಎರಡನ್ನೂ ಇದ್ದಂತೆಯೇ ಕೂಡಿಸಿದೆ. ನೋಟಿಸು ಬಂತು, ಬಡ್ಡಿ ಸಮೇತ ತೆರಿಗೆ ಕಟ್ಟಿದೆ.

ಅದಕ್ಕಿಂತ ವ್ಯಾಪಕವಾದ ತಪ್ಪು ಮತ್ತೊಂದಿದೆ. ಸರ್ಕಾರಿ ನೌಕರನಿಗೆ ನಿವೃತ್ತಿಯಲ್ಲಿ ಬರುವ ಗ್ರಾಚ್ಯುಟಿ, ಗಳಿಕೆ ರಜೆಯ ನಗದು, ಕಮ್ಯುಟೇಷನ್ ಮೊತ್ತ ಮೂರಕ್ಕೂ ಪೂರ್ಣ ವಿನಾಯಿತಿಯುಂಟು. ತೆರಿಗೆಯಿಲ್ಲವೆಂದ ಮೇಲೆ ತೋರಿಸುವುದೇಕೆ ಎಂದು ಕೇಳುತ್ತಾರೆ. ಒಟ್ಟು ವೇತನದಲ್ಲಿ ತೋರಿಸಿ, ವಿನಾಯಿತಿಯ ಅಂಕಣದಲ್ಲಿ ಕಳೆಯುವುದೇ ಸರಿಯಾದ ಕ್ರಮ. ಆ ಹಣ ಠೇವಣಿಯಾಗಿ ಮರುವರ್ಷ ಬಡ್ಡಿ ತರುತ್ತದೆ. ಬಡ್ಡಿಯ ವಿವರವನ್ನು ಬ್ಯಾಂಕು ಇಲಾಖೆಗೆ ತಿಳಿಸುತ್ತದೆ. ಅಸಲು ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ಹಳೆಯ ರಿಟರ್ನೇ ಉತ್ತರ ಹೇಳಬೇಕು. ಸೇವೆಯಲ್ಲಿರುವಾಗಲೇ ನಗದೀಕರಿಸಿದ ರಜೆಗೆ ಮಾತ್ರ ಈ ವಿನಾಯಿತಿ ಇಲ್ಲ.

ನಮ್ಮ ಬೀದಿಯಲ್ಲಿ ಸರ್ಕಾರಿ ಶಾಲೆಯ ಮಾಸ್ತರರೂ ಸಾರಿಗೆ ನಿಗಮದ ಕಂಡಕ್ಟರರೂ ನಿವೃತ್ತರಾಗಿ ಅಕ್ಕಪಕ್ಕದಲ್ಲಿದ್ದಾರೆ. ಕಂಡಕ್ಟರರೂ ತಮ್ಮನ್ನು ಸರ್ಕಾರಿ ನೌಕರರೆಂದೇ ಎಣಿಸಿ ಇಡೀ ರಜೆ ನಗದನ್ನು ಕಳೆದಿದ್ದರು. ಈ ವಿನಾಯಿತಿಯ ಮಟ್ಟಿಗೆ ನಿಗಮದ ನೌಕರ ಸರ್ಕಾರಿ ನೌಕರನಲ್ಲ. ಅಂಥವರಿಗೆ 2002ರ ಅಧಿಸೂಚನೆಯ 3 ಲಕ್ಷ ರೂಪಾಯಿ ಮಿತಿಯೇ ಎರಡು ದಶಕ ನಡೆಯಿತು. 25 ಲಕ್ಷಕ್ಕೆ ಏರಿದ್ದು 2023ರ ಏಪ್ರಿಲ್ 1ರಿಂದ. ಅಷ್ಟರಲ್ಲಿ ಬೆಲೆಗಳೂ ಸಂಬಳಗಳೂ ಎಲ್ಲಿಗೆ ಹೋಗಿದ್ದವೆಂಬುದು ಓದುಗರಿಗೆ ಗೊತ್ತು. ಇಂದಿಗೂ 25 ಲಕ್ಷದೊಳಗೆ ಹತ್ತು ತಿಂಗಳ ಸರಾಸರಿ ವೇತನವೆಂಬ ಮತ್ತೊಂದು ಮಿತಿಯಿದೆ. ಇಬ್ಬರೂ ಜನರ ಸೇವೆಯನ್ನೇ ಮಾಡಿದವರು. ಕಾನೂನು ಅವರನ್ನು ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿರುವುದು ನ್ಯಾಯವೆಂದು ನನಗೆ ತೋರದು.

ಹೆಚ್ಚು ಕಷ್ಟ ವಿಧವೆಯರದು. ಕುಟುಂಬ ಪಿಂಚಣಿ ವೇತನವಲ್ಲ, ‘ಇತರ ಮೂಲಗಳ ಆದಾಯ’. ಅದಕ್ಕೆ 75,000 ರೂಪಾಯಿಯ ಪ್ರಮಾಣಿತ ಕಡಿತ ಸಲ್ಲದು. ಹೊಸ ಪದ್ಧತಿಯಲ್ಲಿ ಪಿಂಚಣಿಯ ಮೂರನೆಯ ಒಂದು ಭಾಗ ಅಥವಾ 25,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ಕಳೆಯಬಹುದು. ಹನ್ನೆರಡು ಲಕ್ಷದವರೆಗೆ ತೆರಿಗೆಯಿಲ್ಲವೆಂಬ ಮಾತನ್ನು ಕೇಳಿ ರಿಟರ್ನನ್ನೇ ಮರೆತವರೂ ಇದ್ದಾರೆ. 2025-26ನೇ ಸಾಲಿನ ಆದಾಯ ಹೊಸ ಪದ್ಧತಿಯಲ್ಲಿ 4 ಲಕ್ಷ ದಾಟಿದ್ದರೆ, ತೆರಿಗೆ ಸೊನ್ನೆಯಾದರೂ ಸಾಮಾನ್ಯವಾಗಿ ಸಲ್ಲಿಕೆ ಕಡ್ಡಾಯ.

ಇಷ್ಟನ್ನು ತಿಳಿಯಲು ಅವರು ನನ್ನ ಪಡಸಾಲೆಗೆ ಬರಬೇಕಿರಲಿಲ್ಲ. ಯಾವ ಮೊತ್ತ ಯಾವ ಶೀರ್ಷಿಕೆಗೆ ಸೇರುತ್ತದೆಂದು ತಿಳಿಸುವ ಕನ್ನಡದ ಒಂದು ಹಾಳೆಯನ್ನು ವೇತನ ಬಟವಾಡೆ ಮಾಡುವ ಅಧಿಕಾರಿ ಪಿಂಚಣಿ ಆದೇಶದೊಂದಿಗೆ ಕೊಟ್ಟರೆ ಸಾಕು. 1961ರ ಕಾಯ್ದೆಯ ಬದಲು 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ 2025ರಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆ ರೂಪುಗೊಂಡಿದೆ. ಕಲಮುಗಳ ಸಂಖ್ಯೆಗಳೆಲ್ಲ ಬದಲಾಗಿವೆ. ಆ ಹಾಳೆಯನ್ನು ಅಚ್ಚು ಹಾಕಿಸಲು ಇದಕ್ಕಿಂತ ತಕ್ಕ ಸಮಯ ಸಿಗಲಾರದು.