ಲೇಟಾಗಿ ಬರೋ ಹುಡುಗಿಯನ್ನ ಒಮ್ಮೆ ಕೇಳಿ

ಎಂಟನೇ ಕ್ಲಾಸಿನಲ್ಲಿ ನಾನು ದಿನಾ ಲೇಟು. ಪ್ರಾರ್ಥನೆ ಮುಗಿದ ಮೇಲೆ ಗೇಟ್ ಹತ್ತಿರ ನಿಲ್ಲಿಸೋ ಸಾಲಿನಲ್ಲಿ ನನ್ನ ಜಾಗ ಖಾಯಂ. "ರಾತ್ರಿಯೆಲ್ಲ ಟಿವಿ ನೋಡ್ತೀಯಾ?" ಅಂತ ಪಿ.ಟಿ. ಸರ್ ಗದರಿದ್ರೆ "ಹೂಂ" ಅಂದುಬಿಡ್ತಿದ್ದೆ. ಅಮ್ಮನಿಗೆ ಲಕ್ವ ಹೊಡೆದಿದೆ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಮಾತ್ರೆ ಕೊಟ್ಟು ಬರ್ತೀನಿ ಅಂತ ಎಲ್ಲರ ಮುಂದೆ ಹೇಳೋಕೆ ನಾಚಿಕೆ. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟು, ಐದೂವರೆಗೇ ಮನೆ ಬಿಡಬೇಕು.

ನೆಂಟರು ಬಂದಾಗಲೆಲ್ಲ "ಎಷ್ಟು ಜವಾಬ್ದಾರಿ ಹುಡುಗಿ!" ಅಂತ ಹೊಗಳೋರು. ಅಷ್ಟು ಹೊಗಳಿಸಿಕೊಂಡ ಮೇಲೆ "ನಂಗೆ ಸುಸ್ತಾಗಿದೆ" ಅಂತ ಬಾಯಿ ಬಿಡೋದು ಹೇಗೆ?

ಬ್ರಿಟನ್ನಿನಲ್ಲಿ ಇಂಥ ಮಕ್ಕಳಿಗೆ 'ಯಂಗ್ ಕೇರರ್' ಅನ್ನೋ ಹೆಸರೇ ಇದೆ. ಇಂಗ್ಲೆಂಡಿನಲ್ಲಿ 2014ರ ಕಾನೂನಿನ ಪ್ರಕಾರ, 18 ತುಂಬದ ಮಗು ಮನೆಯವರ ಆರೈಕೆ ಮಾಡ್ತಾ ಸಹಾಯ ಕೇಳಿದ್ರೆ, ಅಥವಾ ಸಹಾಯ ಬೇಕು ಅಂತ ಕಂಡುಬಂದ್ರೆ, ಸ್ಥಳೀಯ ಆಡಳಿತ ವಿಚಾರಿಸಲೇಬೇಕು. 2023ರಿಂದ ಅಲ್ಲಿನ ಶಾಲಾ ಗಣತಿಯಲ್ಲೂ ಇವರ ಲೆಕ್ಕ ಇದೆ. ನಮ್ಮ ಹಾಜರಿ ಪುಸ್ತಕಕ್ಕೆ ಗೊತ್ತಿರೋದು ಎರಡೇ: ಬಂದಳು, ಬರಲಿಲ್ಲ.

ನನ್ನನ್ನ ಉಳಿಸಿದ್ದು ಕನ್ನಡ ಟೀಚರ್. ಒಂದಿನ ಸ್ಟಾಫ್ ರೂಮಿಗೆ ಒಬ್ಬಳನ್ನೇ ಕರೆದು, "ಬೆಳಿಗ್ಗೆ ಎದ್ದು ಏನೇನು ಮಾಡ್ತೀಯಮ್ಮ, ಹೇಳು" ಅಂದ್ರು. ಗಂಜಿ ಅನ್ನೋ ಹೊತ್ತಿಗೆ ಅಳು ಬಂದುಬಿಡ್ತು. ಮಾರನೇ ದಿನದಿಂದ ಗೇಟಿನಲ್ಲಿ ನಿಲ್ಲೋದು ತಪ್ಪಿತು. ಮೊದಲ ಪೀರಿಯಡ್ಡಿನ ನೋಟ್ಸ್ ಪಕ್ಕದ ಬೆಂಚಿನವಳು ಕೊಡ್ತಿದ್ಲು. ಪರೀಕ್ಷೆ ವಾರ ಪಕ್ಕದ್ಮನೆ ಆಂಟಿ ಬೆಳಿಗ್ಗೆ ಅಮ್ಮನ ಹತ್ತಿರ ಕೂತರು. ಅಮ್ಮ ಪೂರ್ತಿ ಹುಷಾರಾಗಲಿಲ್ಲ. ನಾನು ಶಾಲೆ ಬಿಡಲಿಲ್ಲ.

ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಮಗು ಇರಬಹುದು. ಮೆಡಿಕಲ್ ಶಾಪಿನಲ್ಲಿ ಯೂನಿಫಾರ್ಮಿನಲ್ಲೇ ಚೀಟಿ ಹಿಡಿದು ನಿಂತಿರುತ್ತೆ. "ಜಾಣೆ" ಅಂತ ಬೆನ್ನು ತಟ್ಟಿ ಹೊರಟುಬಿಡಬೇಡಿ. "ಭಾನುವಾರ ಎರಡು ಗಂಟೆ ನಾನು ಅಜ್ಜಿ ಹತ್ತಿರ ಇರ್ತೀನಿ, ನೀನು ಓದ್ಕೋ, ಇಲ್ಲಾ ಆಡ್ಕೊಂಡು ಬಾ" ಅನ್ನಿ. ಮನೆಯವರು ಒಪ್ಪಿದ್ರೆ ಕ್ಲಾಸ್ ಟೀಚರಿಗೂ ಒಂದು ಮಾತು ತಿಳಿಸಿ. ಮಗು ಶಾಲೆಯನ್ನೇ ಬಿಡೋ ಹಾಗಿದ್ರೆ ಮಕ್ಕಳ ಸಹಾಯವಾಣಿ 1098 ಇದೆ, ಫೋನ್ ಉಚಿತ.

ಮತ್ತೆ ಟೀಚರ್‌ಗಳೇ, ಲೇಟಾದವರ ಸಾಲಿನಿಂದ ನಾಳೆ ಒಬ್ಬರನ್ನ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳ್ತೀರಾ?